ಗುಲಾಬ್ ಸಾಬ್‌ನ ಬಾಣಂತನ

ಬಸವಣ್ಣೆಮ್ಮ ಗುಲಾಬ್ ಸಾಬ್‌ನನ್ನು ಮೊದಲ ಸಲ ಕಂಡದ್ದು ತೊಗರ್ಸಿಯಲ್ಲಿ, ದೇವಸ್ಥಾನದ ಹುಣಸೆಮರಗಳ ಸವಾಲು ನಡೆದ ದಿನ. ತೊಂಬತ್ತೊಂದನೇ ಇಸವಿ ಇರಬೇಕು. ಒಂದೊಂದು ಮರದ ಫಸಲನ್ನೂ ಕೂಗಿ ಹರಾಜು ಹಾಕುತ್ತಿದ್ದರು. ಕೂಗುವವನು ಕಲ್ಲುಕಟ್ಟೆಯ ಮೇಲೆ ನಿಂತಿದ್ದ. ಸಣಕಲು ಆಳು, ಬಿಳಿ ಟೋಪಿ, ದವಡೆಯ ಸಂದಿಯಲ್ಲಿ ಹೊಗೆಸೊಪ್ಪಿನ ಉಂಡೆ. ಅಷ್ಟು ಸಣ್ಣ ಎದೆಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೆ ಅಂತ ಅವಳು ಅವನ ಕುತ್ತಿಗೆಯನ್ನೇ ನೋಡುತ್ತ ನಿಂತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ ಮರ, ಅದೂ ಮೂಲೆಯ ಚಿಕ್ಕ ಮರ. ಶಿಕಾರಿಪುರದಲ್ಲಿ ಅವಳು ಮನೆಮನೆಗೆ ಹೋಗಿ ಬಾಣಂತನ ಮಾಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಬಾಣಂತಿಯ ಸಾರಿಗೆ ವರ್ಷ ಕಳೆದ ಹುಣಸೆಹಣ್ಣೇ ಆಗಬೇಕು, ಅಂಗಡಿಯದನ್ನು ಅವಳು ನಂಬುತ್ತಿರಲಿಲ್ಲ. ಹಾಗಾಗಿ ಗಂಡಸರ ಹಿಂದೆ ಸೆರಗು ಹೊದ್ದು ನಿಂತು, ಆ ಮರದ ಸರದಿ ಬಂದಾಗ ತನ್ನ ಬೆಲೆ ಹೇಳಿದಳು. ಪಕ್ಕದಲ್ಲಿದ್ದವರಿಗೂ ಅದು ಕೇಳಿಸಲಿಲ್ಲ.

"ಆಯ್ತು ಬಿಡು ಸಾಬ, ಮೂರನೇ ಸಲ ಕೂಗಿ ಮುಗಿಸು" ಅಂದರು ಊರಿನ ಹಿರಿಯರು ಸದಾಶಿವಪ್ಪ.

"ಇಲ್ರಿ ಗೌಡ್ರೆ, ಹಿಂದೆ ಒಂದು ಮಾತು ಬಿದ್ದೈತೆ."

"ಯಾರದು? ನನಗೆ ಕೇಳಲಿಲ್ಲ."

"ನಿಮಗೆ ಕೇಳೋದು ನಿಮ್ಮ ಕೆಲಸ ಅಲ್ರಿ. ನನ್ನ ಕೆಲಸ." ಜನ ನಕ್ಕರು. ಅವನು ಕತ್ತು ಉದ್ದ ಮಾಡಿ ಅವಳ ಕಡೆ ನೋಡಿ, ಅವಳು ಪಿಸುಗುಟ್ಟಿದ ಬೆಲೆಯನ್ನೇ ದೇವಸ್ಥಾನದ ಕಳಸ ಅಲ್ಲಾಡುವ ಹಾಗೆ ಕೂಗಿದ. ಒಂದು ಸಲ. ಎರಡು ಸಲ. ಮೂರು ಸಲ. ಮರ ಅವಳದಾಯಿತು. ತನ್ನ ಮಾತು ಅಷ್ಟು ಗಟ್ಟಿಯಾಗಿ ನಾಲ್ಕು ಜನರ ಕಿವಿಗೆ ಬಿದ್ದದ್ದನ್ನು ಅವಳು ತನ್ನ ಜನ್ಮದಲ್ಲಿ ಅದೇ ಮೊದಲು ಕಂಡದ್ದು.

ಆಮೇಲೆ ಗೊತ್ತಾಯಿತು, ಅವನ ಮನೆ ಇರುವುದು ಶಿಕಾರಿಪುರದಲ್ಲೇ, ಅವಳ ಮನೆಯ ಹಿಂದಿನ ಓಣಿಯಲ್ಲಿ. ಅವನ ಅಪ್ಪ ಪಾತ್ರೆಗೆ ಕಲಾಯಿ ಹಾಕುವವನು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ತಿದಿ ಹೊತ್ತುಕೊಂಡು "ಕಲಾಯಿ, ಕಲಾಯೀ" ಅಂತ ಊರೂರು ಕೂಗಿಯೇ ಗಂಟಲು ಬೆಳೆದದ್ದು. ಸ್ಟೀಲು ಪಾತ್ರೆ ಬಂದು ಕಲಾಯಿ ಹೋಯಿತು, ದನಿ ಉಳಿಯಿತು. ಅದನ್ನೇ ಕಸುಬು ಮಾಡಿಕೊಂಡ. ಸಂತೆಯಲ್ಲಿ ದನದ ಸವಾಲು, ಅಂಜನಾಪುರದ ಕೆರೆಯ ಮೀನಿನ ಸವಾಲು, ಸೊರಬದ ಕಡೆ ಶುಂಠಿಯ ಸವಾಲು, ಎಲ್ಲಕ್ಕೂ ಅವನೇ ಬೇಕು. ಯಾರ ಕಡೆಯೂ ವಾಲುವುದಿಲ್ಲ, ಯಾರ ಮಾತನ್ನೂ ನುಂಗುವುದಿಲ್ಲ ಅಂತ ಹೆಸರು. ಓಣಿಯಲ್ಲಿ ಎದುರಾದಾಗಲೆಲ್ಲ "ಅಮ್ಮಾ, ಹುಣಸೆಹಣ್ಣು ಹೆಂಗೈತೆ?" ಅಂತ ಕೇಳುತ್ತಿದ್ದ. "ನಿಮ್ಮಷ್ಟೇ ಹುಳಿ ಐತೆ ಸಾಬ್ರೆ" ಅನ್ನುತ್ತಿದ್ದಳು.

ಎರಡು ವರ್ಷ ಹೀಗೇ ಹೋಯಿತು. ತೊಂಬತ್ತಮೂರರ ಬೇಸಗೆಯಲ್ಲಿ ಸಂತೆಯಲ್ಲಿ ಬೇರೆ ಯಾರೋ ಕೂಗುವುದು ಕೇಳಿಸಿತು. ಗುಲಾಬ್ ಸಾಬ್‌ಗೆ ಬಾಯಿಹುಣ್ಣಂತೆ, ಖಾರ ತಿನ್ನಲಾಗುವುದಿಲ್ಲವಂತೆ ಅಂದರು. ಬಾಯಿಹುಣ್ಣು ಯಾರಿಗೆ ಆಗುವುದಿಲ್ಲ? ತುಪ್ಪ ಹಚ್ಚಿಕೊಳ್ಳಲಿ ಅಂತ ಅವಳು ಹೇಳಿ ಕಳಿಸಿದಳು. ತುಪ್ಪಕ್ಕೆ ಮಾಯಲಿಲ್ಲ, ಜೇನಿಗೆ ಮಾಯಲಿಲ್ಲ. ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ ಹಮೀದಾ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ.

"ಅಮ್ಮಾ, ಬಾಣಂತಿ ಕೋಣೆ ಹೆಂಗೆ ಕಟ್ತೀರಿ ಹೇಳ್ರಿ. ಬೆಳಕು ಬರದ ಹಂಗೆ."

"ಯಾಕೆ, ಹುಮೇರಾ ಬಸುರಿಯಾ?" ಹುಮೇರಾ ಅವಳ ಮಗಳು, ಸೊರಬಕ್ಕೆ ಕೊಟ್ಟಿದ್ದರು.

"ಹುಮೇರಾ ಅಲ್ಲಮ್ಮಾ. ಅವಳ ಅಪ್ಪನಿಗೆ" ಅಂದವಳೇ ಹಮೀದಾ ಅಳುವುದೋ ನಗುವುದೋ ತಿಳಿಯದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೂತ ಮೇಲೆ ಎಲ್ಲಾ ಹೇಳಿದಳು.

ನಾಲಿಗೆಯ ಅಂಚಿನಲ್ಲಿ ಆಗಿದ್ದದ್ದು ಹುಣ್ಣಲ್ಲ, ಕ್ಯಾನ್ಸರ್ ಗಂಟು. ಮೊದಲು ತೋರಿಸಿದ ಕಡೆ ಅರ್ಧ ನಾಲಿಗೆ ತೆಗೆಯಬೇಕು ಅಂದರು. ಗುಲಾಬ್ ಸಾಬ್ ಅಲ್ಲಿಂದ ಎದ್ದು ಬಂದವನು ಊಟ ಬಿಟ್ಟ. "ನಾಲಿಗೆ ಹೋದ್ಮೇಲೆ ಉಳಿಯೋದು ಯಾರು? ಆ ಮನುಷ್ಯ ನನಗೆ ಗುರುತಿಲ್ಲ" ಅಂದನಂತೆ. ಆಮೇಲೆ ಯಾರೋ ಹೇಳಿದರು ಅಂತ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಹೊರದೇಶದಲ್ಲಿ ಕಲಿತು ಬಂದವರು. ಗಂಟು ಇನ್ನೂ ಚಿಕ್ಕದಿದೆ, ಕತ್ತರಿಸದೆ ಬೆಳಕಿನಲ್ಲಿ ನೋಡೋಣ ಅಂದರು.

"ಬೆಳಕಿನಲ್ಲಿ ಏನು ನೋಡ್ತಾರೆ?"

"ನೋಡೋದಲ್ಲಮ್ಮಾ, ಸುಡೋದು. ಮೊದಲು ಸೂಜೀಲಿ ಒಂದು ಔಷಧಿ ಹಾಕಿದ್ರು. ಅದು ಮೈಯೆಲ್ಲಾ ಹೋಗಿ ಕೂರ್ತದಂತೆ, ಕೆಟ್ಟ ಮಾಂಸದಾಗೆ ಜಾಸ್ತಿ ಕೂರ್ತದಂತೆ. ಕೂತ್ಕೊಂಡು ಸುಮ್ನೆ ಇರ್ತದೆ, ಏನೂ ಮಾಡಲ್ಲ. ಬೆಳಕು ಬಿದ್ದಾಗ ಮಾತ್ರ ಏಳ್ತದೆ. ಎರಡು ದಿನ ಬಿಟ್ಟು, ನೂಲಿನಂಥ ಗಾಜಿನ ತುದಿಯಿಂದ ನಾಲಿಗೆ ಮೇಲೆ ಕೆಂಪು ಬೆಳಕು ಬಿಟ್ರು. ಅದು ಬಿದ್ದ ಜಾಗದಾಗೆ ಗಂಟು ಸಾಯ್ತದಂತೆ. ಆದ್ರೆ ಔಷಧಿ ಚರ್ಮದಾಗೂ ಐತಲ್ಲ? ಬಿಸಿಲು ಬಿದ್ರೆ ಅಲ್ಲೂ ಏಳ್ತದೆ, ಚರ್ಮ ಬೇಯ್ತದೆ. ಆರು ವಾರ ಬಿಸಿಲಿಗೆ ಬರಬೇಡಿ ಅಂದ್ರು, ರಾತ್ರಿ ಬಸ್ಸಿನಾಗೆ ಕರ್ಕೊಂಡು ಬಂದೆ. ಆಮೇಲೆ ಬಂದು ತೋರಿಸಬೇಕು. ಗಂಟು ಹೋಗಿದ್ರೆ ನಾಲಿಗೆ ಉಳೀತದೆ. ಸ್ವಲ್ಪ ಉಳಿದಿದ್ರೂ ಕತ್ತರಿಸಲೇಬೇಕು."

"ಮನೆಯೊಳಗಿನ ಬೆಳಕು?"

"ಅದು ಇರಲಿ, ಪರವಾಗಿಲ್ಲ ಅಂದ್ರು. ಆದ್ರೂ ನನಗೆ ಜೀವ ಹೊಡ್ಕೊಳ್ತದೆ."

ಬಸವಣ್ಣೆಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಣಂತಿಯರ ಕೋಣೆ ಕಟ್ಟಿ ಕಟ್ಟಿ ಅವಳ ಕೈ ಪಳಗಿತ್ತು. ಪರವಾಗಿಲ್ಲ ಅಂದರೆ, ಎಲ್ಲರ ಮನೆಯಲ್ಲೂ ಕತ್ತಲೆ ಮಾಡುವುದಕ್ಕೆ ಆಗುವುದಿಲ್ಲ ಅಂತ ರಿಯಾಯಿತಿ ಕೊಟ್ಟಿದ್ದಾರೆ. ಮಾಡಬಲ್ಲವರು ಮಾಡಿದರೆ ಇನ್ನೂ ಒಳ್ಳೆಯದೇ ಅಲ್ಲವೆ? "ನಡಿ, ನಾನೇ ಬರ್ತೀನಿ" ಅಂದಳು.

ಪಕ್ಕದ ಮನೆಯ ಶೇಷಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಏನೇ ಬಸಣ್ಣೆಮ್ಮ, ಸಾಬರ ಮನೆಗೆ ಬಾಣಂತನಕ್ಕಾ? ಅದೂ ಗಂಡಸಿಗಾ? ಎಷ್ಟನೇದು ಅವನಿಗೆ?"

"ಮೊದಲನೇದು ಕಣೇ. ಅದಕ್ಕೇ ಭಾಳ ಹುಷಾರಾಗಿರಬೇಕು."

ಗುಲಾಬ್ ಸಾಬ್‌ನ ಮನೆಯ ಹಿಂದಿನ ಕೋಣೆಗೆ ಒಂದೇ ಕಿಟಕಿ. ಅದಕ್ಕೆ ಗೋಣಿಚೀಲ ಮಡಚಿ ಎರಡು ಪದರ ಹೊಡೆಸಿದಳು. ಹೆಂಚಿನ ಸಂದಿಗೆಲ್ಲ ಹಳೇ ಸೀರೆಯ ಚೂರು ತುರುಕಿಸಿದಳು. ಬಾಗಿಲಿಗೆ ಕಂಬಳಿ. ಒಳಗೆ ನಿಂತು ತನ್ನ ಕೈಯನ್ನು ತನ್ನ ಕಣ್ಣ ಮುಂದೆ ಹಿಡಿದು ನೋಡಿದಳು. ಬೆರಳ ನೆರಳು ಕಂಡಿತು. ಎಲ್ಲಿಂದ ಅಂತ ಹುಡುಕಿ, ಗೋಡೆಯಲ್ಲಿ ಇರುವೆ ಕೊರೆದ ತೂತಿಗೆ ಸಗಣಿ ಮೆತ್ತಿದಳು. ಆಮೇಲೆ ಏನೂ ಕಾಣಲಿಲ್ಲ. ಅವಳಿಗೆ ಸಮಾಧಾನವಾಯಿತು.

ಅವನ ನಾಲಿಗೆ ಊದಿಕೊಂಡು ಬಾಯಿ ತುಂಬಿತ್ತು. ಮಾತು ನಿಂತಿತ್ತು. ಹಿತ್ತಾಳೆ ತಟ್ಟೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿನಿಂದ ಬಡಿದರೆ ಹಮೀದಾ ಓಡುವಳು. ಅಡುಗೆಯದು ಹಮೀದಾಳ ಕೆಲಸ, ಏನು ಮಾಡಬೇಕು ಅನ್ನುವುದು ಬಸವಣ್ಣೆಮ್ಮನದು. ಬಾಣಂತಿಗೆ ಕೊಡುವ ಮೆಣಸು, ಬೆಳ್ಳುಳ್ಳಿ ಇಲ್ಲಿ ನಡೆಯುವುದಿಲ್ಲ ಅಂತ ತೆಗೆದುಹಾಕಿ, ರಾಗಿ ಅಂಬಲಿ, ಹಿಸುಕಿದ ಬಾಳೆಹಣ್ಣು, ಆರಿದ ಗಂಜಿ ಅಂತ ಗೊತ್ತುಮಾಡಿದಳು. ಸಂಜೆ ಕೆಂಡದ ಮೇಲೆ ಓಮ, ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟಳು. ತಲೆಗೆ, ಕಿವಿಗೆ ಬಟ್ಟೆ ಬಿಗಿದು ಕಟ್ಟಿಸಿದಳು. ಇದು ಯಾಕೆ ಅಂತ ತಟ್ಟೆ ಒಂದೇ ಸಮ ಬಡಿಯಿತು.

"ಗಾಳಿ ಹೊಡೀಬಾರದು ಸಾಬ್ರೆ. ಸುಮ್ನೆ ಮಲ್ಕೊಳ್ರಿ. ಹಡೆದ ಹೆಂಗಸರು ಯಾರೂ ಇಷ್ಟು ಜಗಳ ಮಾಡಿಲ್ಲ."

ಕತ್ತಲೆಯಲ್ಲಿ ಉಸಿರು ಬಿಟ್ಟು ಬಿಟ್ಟು ಬರುವ ಸದ್ದಾಯಿತು. ಅವನು ನಗುತ್ತಿದ್ದ. ನೋವಾಗಿ ನಿಲ್ಲಿಸಿದ.

ಬಾಯಿಯೊಳಗೆ ಬ್ಯಾಟರಿ ಬಿಟ್ಟು ನೋಡುವ ಹಾಗಿರಲಿಲ್ಲ, ಔಷಧಿ ನಾಲಿಗೆಯಲ್ಲೂ ಇದೆಯಲ್ಲ. ಹಾಗಾಗಿ ಏನಾಗುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬಸವಣ್ಣೆಮ್ಮ ಹತ್ತಿರ ಕೂತು ಅವನ ಉಸಿರಿನ ವಾಸನೆ ನೋಡುವಳು. ಮೊದಮೊದಲು ಕೊಳೆತ ವಾಸನೆ ಇತ್ತು, ಸತ್ತ ಮಾಂಸ ಬಿಚ್ಚಿಕೊಳ್ಳುತ್ತಿರಬೇಕು. ದಿನ ಕಳೆದ ಹಾಗೆ ಕಡಿಮೆಯಾಯಿತು. ಊತ ಇಳಿಯಿತು. ಅನ್ನ ನುಂಗಲು ಬಂತು. ನೀರು, ಸಾಕು, ಬೇಡ ಅಂತ ಪಿಸುಮಾತಿನಲ್ಲಿ ಹೇಳತೊಡಗಿದ. ಅದಕ್ಕಿಂತ ಮೇಲೆ ದನಿ ಎತ್ತಲಿಲ್ಲ. ಎತ್ತಿ ನೋಡ್ರಿ ಅಂದರೆ, "ಬರದಿದ್ರೆ?" ಅಂದ. ಮುಂದೆ ಅವಳೂ ಒತ್ತಾಯ ಮಾಡಲಿಲ್ಲ.

ಆರು ವಾರ ತುಂಬಿತು. ಹೊರಗೆ ಬರುವ ಮುಂಚೆ ಒಂದು ಪರೀಕ್ಷೆ ಮಾಡಿ ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಕಾಗದದ ಚೀಲಕ್ಕೆ ಒಂದು ತೂತು ಮಾಡಿ, ಅದರೊಳಗೆ ಕೈ ಇಟ್ಟು, ತೂತಿನ ಜಾಗಕ್ಕೆ ಮಾತ್ರ ಸ್ವಲ್ಪ ಹೊತ್ತು ಬಿಸಿಲು ತಾಗಿಸಬೇಕು. ಮಾರನೇ ದಿನದವರೆಗೆ ಕಾಯಬೇಕು. ಆ ಜಾಗ ಕೆಂಪಾಗಿ ಊದದಿದ್ದರೆ ಔಷಧಿ ಇಳಿದಿದೆ ಅಂತ ಅರ್ಥ. ಕಿರಾಣಿ ಅಂಗಡಿಯ ಸಕ್ಕರೆ ಚೀಲವೇ ಆಯಿತು. ಗುಲಾಬ್ ಸಾಬ್ ಬಾಗಿಲ ಹಿಂದೆ ಕಂಬಳಿ ಹೊದ್ದು ಕೂತು ಕೈ ಮಾತ್ರ ಹೊರಗೆ ಚಾಚಿದ. ಓಣಿಯಲ್ಲಿ ಹೋಗುವವರಿಗೆ ಬಾಗಿಲ ಸಂದಿಯಿಂದ ಒಂದು ಕಾಗದದ ಚೀಲ ಗಾಳಿಯಲ್ಲಿ ನಿಂತದ್ದು ಕಾಣುತ್ತಿತ್ತು.

"ಏನ್ರೀ ಇದು, ಹಮೀದಾಬಿ?" ಅಂತ ಹೂವಿನ ಬುಟ್ಟಿ ಹೊತ್ತ ಹೂವಪ್ಪ ನಿಂತು ಕೇಳಿದ.

"ನಮ್ಮನೆಯವರು ಬಿಸಿಲು ಕೊಳ್ತಾ ಅವ್ರೆ" ಅಂದಳು ಹಮೀದಾ.

ಒಲೆಯ ಮೇಲಿಟ್ಟ ಹಾಲು ಉಕ್ಕುವ ಹೊತ್ತಿಗೆ ಸಾಕು ಅಂತ ಬಸವಣ್ಣೆಮ್ಮ ಕೈ ಒಳಗೆ ಎಳೆಸಿದಳು. ಮಾರನೇ ಬೆಳಿಗ್ಗೆ ಅವಳು ಮತ್ತೆ ಹೋದಳು. ಬಾಗಿಲ ಹತ್ತಿರದ ಮಬ್ಬಿನಲ್ಲಿ ಅವನು ಕೈ ತೋರಿಸಿದ. ತೂತು ಎಷ್ಟು ದೊಡ್ಡದಿತ್ತೋ ಅಷ್ಟೇ ಅಗಲಕ್ಕೆ ಚರ್ಮ ಕೆಂಪಗೆ ಉಬ್ಬಿ, ಮೇಲೆ ಸಣ್ಣ ನೀರುಗುಳ್ಳೆ ಎದ್ದಿತ್ತು.

"ಔಷಧಿ ಇಳಿದಿಲ್ಲ" ಅಂದಳು ಹಮೀದಾ. "ಕೈಯಾಗೆ ಕೆಲಸ ಕೆಟ್ಟದ್ದು ನಾಲಿಗೇಲಿ ಸರಿಹೋಗಿರ್ತದಾ?"

ಗುಲಾಬ್ ಸಾಬ್ ಕೈ ಮಡಚಿ ಕಂಬಳಿಯೊಳಗೆ ಇಟ್ಟುಕೊಂಡ. "ನಾನು ಬೆಂಗಳೂರಿಗೆ ಹೋಗಲ್ಲ" ಅಂದ ಪಿಸುಮಾತಿನಲ್ಲಿ. "ಹೋದ್ರೆ ಕತ್ತರಿಸ್ತಾರೆ. ಇಲ್ಲೇ ಇದ್ರೆ ಇದ್ದಷ್ಟು ದಿನ ನಾಲಿಗೆ ನಂದು."

ಇಷ್ಟು ಚೆನ್ನಾಗಿ ಕೋಣೆ ಕಟ್ಟಿ, ಒಂದು ಎಳೆ ಬೆಳಕು ಬಿಡದೆ ಕಾದದ್ದು ಹೀಗಾಯಿತೆ? ಬಸವಣ್ಣೆಮ್ಮ ಹೊಸ್ತಿಲ ಹತ್ತಿರ ಕೂತಳು.

"ಸಾಬ್ರೆ, ಒಂದು ಮಾತು ಕೇಳ್ತೀನಿ. ಎರಡನೇ ಕೂಗು ಆದ್ಮೇಲೆ, ಮೂರನೇದು ಆಗೋ ಮುಂಚೆ ಯಾರಾದ್ರೂ ಎದ್ದು ಹೊರಟ್ರೆ ನೀವೇನಂತೀರಿ?"

"ಸವಾಲು ಮುಗಿದಿಲ್ಲ, ಕೂತ್ಕೋ ಅಂತೀನಿ" ಅಂದ.

"ಹಂಗಾದ್ರೆ ಏಳಬೇಡ್ರಿ."

ಹೊರಡುವುದೇನೋ ಹೊರಡಬೇಕು, ಆದರೆ ಹೇಗೆ? ರಾತ್ರಿ ಬಸ್ಸು ಇಳಿಸುವುದು ಬೆಳಗಾದ ಮೇಲೆ, ಬೆಳಿಗ್ಗೆ ಹೊರಟರೆ ದಾರಿಯುದ್ದಕ್ಕೂ ಬಿಸಿಲು, ಮೈಯೆಲ್ಲಾ ಕೈಯಂತೆ ಆಗುತ್ತದೆ. ಕಂಬಳಿ ಹೊದ್ದು ಕೂತರೆ ಸೆಕೆಗೆ ಸಾಯುತ್ತಾನೆ. ದಾರಿ ತೋರಿಸಿದವಳು ಹಮೀದಾ. ಪೆಟ್ಟಿಗೆ ತೆಗೆದು ತನ್ನ ಕರಿ ಬುರ್ಖಾ ಹೊರಗೆ ತಂದು ಗಂಡನ ತೊಡೆಯ ಮೇಲಿಟ್ಟಳು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಅಷ್ಟು ವಾರಗಳಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟು ನಕ್ಕಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಹತ್ತಿದರು. ಲೇಡೀಸ್ ಸೀಟಿನಲ್ಲಿ ಒಂದು ಕಡೆ ಹಮೀದಾ, ಒಂದು ಕಡೆ ಬಸವಣ್ಣೆಮ್ಮ, ನಡುವೆ ಮುಖಪರದೆ ಇಳಿಬಿಟ್ಟು, ಕೈಗೆ ಕರಿ ಕಾಲುಚೀಲ ಹಾಕಿಕೊಂಡ ಗುಲಾಬ್ ಸಾಬ್. ಮೀಸೆ ಬಟ್ಟೆಗೆ ತಾಗಿ ಸೀನು ಬರುತ್ತದೆ ಅಂತ ಪಿಸುಗುಟ್ಟಿದ. ಹಮೀದಾ ಮೊಣಕೈಯಿಂದ ತಿವಿದಳು. "ಸುಮ್ಕೆ ಕೂತ್ಕೊಳ್ಳೇ" ಅಂದಳು.

ಹೊನ್ನಾಳಿ ದಾಟಿದ ಮೇಲೆ ಬಸ್ಸು ತುಂಬಿ ನಿಲ್ಲಲು ಜಾಗವಿರಲಿಲ್ಲ. ಹಿಂದಿನ ಬಾಗಿಲ ಹತ್ತಿರ ಯಾರೋ ಮುದುಕಿ "ನಿಲ್ಸಪ್ಪಾ, ನಮ್ಮೂರು ಬಂತು" ಅನ್ನುತ್ತಿದ್ದಳು. ಸಣ್ಣ ದನಿ. ಇಂಜಿನ್ನಿನ ಸದ್ದಿನಲ್ಲಿ ಅದು ಎರಡು ಸೀಟಿನಾಚೆ ಬರುತ್ತಿರಲಿಲ್ಲ. ಬಸವಣ್ಣೆಮ್ಮನಿಗೆ ಕೇಳಿಸಲೇ ಇಲ್ಲ. ಕಂಡಕ್ಟರಿಗೂ ಇಲ್ಲ. ಬಸ್ಸು ಊರಿನ ಕಲ್ಲು ದಾಟಿ ವೇಗ ಹಿಡಿಯಿತು.

"ಹೋಲ್ಡೋನ್! ಹಿಂದೆ ಅಜ್ಜಿ ಇಳೀಬೇಕು, ಕೇಳಲ್ವೇನ್ರೀ!"

ಬಸ್ಸಿನ ತಗಡು ಝಲ್ಲೆಂದಿತು. ಡ್ರೈವರು ತಾನೇ ತಾನಾಗಿ ಬ್ರೇಕು ಒತ್ತಿದ. ಎಲ್ಲರೂ ತಿರುಗಿ ನೋಡಿದ್ದು ಬುರ್ಖಾದ ಕಡೆಗೆ. ಮುದುಕಿ ಗಂಟು ಎತ್ತಿಕೊಂಡು ಇಳಿದು ಹೋದಳು.

"ಏನಮ್ಮಾ ನಿಂದು ಗಂಟಲು!" ಅಂದ ಕಂಡಕ್ಟರು, ಸೀಟಿ ಬಾಯಿಂದ ಬಿದ್ದದ್ದನ್ನು ಹಿಡಿದುಕೊಳ್ಳುತ್ತ.

"ನಮ್ಮ ನಾದಿನಿ. ಹುಟ್ಟಿನಿಂದ ಹಂಗೆ" ಅಂದಳು ಹಮೀದಾ.

"ಇವರ ಯಜಮಾನರ ಗತಿ ಏನ್ರಪ್ಪಾ" ಅಂತ ಹಿಂದಿನಿಂದ ಯಾರೋ ಅಂದರು, ಬಸ್ಸಿಗೆ ಬಸ್ಸೇ ನಕ್ಕಿತು. ಹಮೀದಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೇ ಅಂದುಕೊಂಡು ಬಸವಣ್ಣೆಮ್ಮ ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು. ನಡುವೆ ಕೂತಿದ್ದ ಕರಿ ಬಟ್ಟೆ ಅಲ್ಲಾಡದೆ ಕೂತಿತ್ತು. ಸ್ವಲ್ಪ ದೂರ ಹೋದ ಮೇಲೆ ಅದರೊಳಗಿಂದ ಮೆಲ್ಲಗೆ, "ಬಂತಲ್ಲ" ಅಂತ ಒಂದು ಮಾತು ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆ ಎಳೆದು ಮಂದ ದೀಪದಲ್ಲಿ ಬಾಯಿ ನೋಡಿದರು. ನಾಲಿಗೆಯ ಅಂಚಿನಲ್ಲಿ ಗುಳಿಯಂಥ ಕಲೆ, ಮೇಲೆ ಹೊಸ ಚರ್ಮ. ಅಲ್ಲಿಂದ ಚಿಟಿಕೆಯಷ್ಟು ಮಾಂಸ ತೆಗೆದು ಸೀಸೆಗೆ ಹಾಕಿದರು. "ಕಣ್ಣಿಗೆ ಚೆನ್ನಾಗೇ ಕಾಣ್ತಿದೆ. ಆದರೆ ಕಣ್ಣಿನ ಮಾತು ನಂಬೋದಿಲ್ಲ, ಇದನ್ನ ಪರೀಕ್ಷೆ ಮಾಡಿ ಫೋನ್ ಮಾಡ್ತೀವಿ" ಅಂದರು. ಆಮೇಲೆ ಕೈಯ ಗುಳ್ಳೆ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಹೊತ್ತಿಗೆ ಇದು ಆಗಬಾರದಿತ್ತು. ಇದ್ದ ಕೋಣೇಲಿ ಬೆಳಕು ಎಷ್ಟಿತ್ತು?"

"ಒಂದು ಎಳೆನೂ ಇರಲಿಲ್ಲ ತಾಯಿ" ಅಂದಳು ಬಸವಣ್ಣೆಮ್ಮ ಮುಂದೆ ಬಂದು. "ಇರುವೆ ತೂತಿಗೂ ಸಗಣಿ ಮೆತ್ತಿದ್ದೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಬಿಸಿಲು ಬೇಡ ಅಂದಿದ್ದು ಯಾಕಂದ್ರೆ ಅದು ಒಂದೇ ಏಟಿಗೆ ಔಷಧೀನ ಎಬ್ಬಿಸುತ್ತೆ. ಮನೆಯೊಳಗಿನ ಬೆಳಕು ಹಾಗಲ್ಲ. ಅದು ದಿನಾ ಚೂರು ಚೂರು ಎಬ್ಬಿಸಿ, ನೋವಿಲ್ಲದೆ ಖರ್ಚು ಮಾಡಿಸುತ್ತೆ. ಕತ್ತಲೇಲಿ ಇಟ್ರೆ ಔಷಧಿ ಬೇಗ ಇಳಿಯಲ್ಲ, ಚರ್ಮದಲ್ಲೇ ಕೂತಿರುತ್ತೆ. ನಾಲಿಗೆ ಗಂಟಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಕೆಲಸ ಅವತ್ತೇ ಮುಗೀತು."

ಬಸವಣ್ಣೆಮ್ಮನ ಮುಖ ಸಣ್ಣದಾಯಿತು. ತಾನು ಅಷ್ಟು ವಾರ ಕಷ್ಟಪಟ್ಟು ಕಾದದ್ದು ಔಷಧಿಯನ್ನಾ? ಡಾಕ್ಟರಮ್ಮ ಅವಳನ್ನು ನೋಡಿ ನಕ್ಕರು. "ನಿಮ್ಮ ತಪ್ಪಲ್ಲ. ನಾನು ಪರವಾಗಿಲ್ಲ ಅಂದೆ, ಬೇಕೇ ಬೇಕು ಅನ್ನಬೇಕಿತ್ತು. ಇನ್ನು ಮುಂದೆ ಹಾಗೇ ಹೇಳ್ತೀನಿ, ಎಲ್ಲರಿಗೂ."

"ಒಂದು ಮಾತು ಮೇಡಮ್ಮೋರೆ" ಅಂದ ಗುಲಾಬ್ ಸಾಬ್. ಮುಖಪರದೆಯನ್ನು ತಲೆಯ ಮೇಲೆ ಎಸೆದುಕೊಂಡಿದ್ದ. "ನಾಲಿಗೇಲಿ ಇರೋ ಗಂಟಿಗೆ ಔಷಧಿ ಮೈಯೆಲ್ಲಾ ಯಾಕೆ ಹೋಗ್ಬೇಕು? ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಹೋಗೋ ಹಂಗೆ ಮಾಡೋಕೆ ಬರಲ್ವಾ?"

"ಅದನ್ನೇ ಈಗ ಎಲ್ಲರೂ ಹುಡುಕ್ತಿರೋದು. ಔಷಧಿಯ ಕಣಗಳನ್ನ ಒಂದು ಉದ್ದನೆ ಎಳೆಗೆ ಪೋಣಿಸ್ತಾರೆ, ಮಣಿಸರದ ಹಾಗೆ. ಪಾಲಿಮರ್ ಅಂತಾರೆ ಆ ಎಳೆಗೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದ್ರೂ ಬಿಡಿ ಮಣಿಗಿಂತ ದೊಡ್ಡದು. ಆರೋಗ್ಯವಾಗಿರೋ ರಕ್ತನಾಳದಿಂದ ಅದು ಸುಲಭವಾಗಿ ಹೊರಗೆ ಬರಲ್ಲ. ಗಂಟಿನ ನಾಳಗಳು ಅವಸರದಲ್ಲಿ ಬೆಳೆದವು, ಸೋರ್ತವೆ. ಅಲ್ಲಿ ಹೊರಗೆ ಬಂದು ಸಿಕ್ಕಿಹಾಕ್ಕೊಳ್ಳುತ್ತೆ. ಆಮೇಲೆ ಬೆಳಕು ಬಿಟ್ರೆ ಅಲ್ಲಿ ಮಾತ್ರ ಏಳುತ್ತೆ. ಆದ್ರೆ ಅದು ಇನ್ನೂ ಇಲಿಗಳ ಮೇಲೆ ನಡೀತಿದೆ."

"ಅದು ಬಂದ್ಮೇಲೆ ಈ ಬುರ್ಖಾ ಬೇಕಾಗಲ್ಲ?"

"ಬೇಕಾಗಲಿಕ್ಕಿಲ್ಲ."

"ಹಂಗಾದ್ರೆ ಬೇಗ ಮಾಡ್ಸಿ. ಲೇಡೀಸ್ ಸೀಟು ಭಾಳ ಇಕ್ಕಟ್ಟು."

ಊರಿಗೆ ಬಂದ ಮೇಲೆ ಬಸವಣ್ಣೆಮ್ಮ ತಾನೇ ಕಟ್ಟಿದ ಕೋಣೆಯನ್ನು ತಾನೇ ಬಿಚ್ಚಿದಳು. ಆದರೆ ಒಂದೇ ದಿನ ಬಿಚ್ಚಲಿಲ್ಲ. ಮೊದಲು ಹೆಂಚಿನ ಸಂದಿಯ ಬಟ್ಟೆ ತೆಗೆದಳು. ಮಾರನೇ ದಿನ ಗೋಣಿಯ ಒಂದು ಪದರ. ಆಮೇಲೆ ಇನ್ನೊಂದು. ಬಿಸಿಲಿನ ಪಟ್ಟೆ ಯಾವ ಹೊತ್ತಿಗೆ ನೆಲದ ಯಾವ ಕಲ್ಲಿನವರೆಗೆ ಬರುತ್ತದೆ ಅಂತ ನೋಡಿಕೊಂಡು, ಅದು ತಾಗದ ಹಾಗೆ ಅವನ ಚಾಪೆಯನ್ನು ಸರಿಸಿ ಸರಿಸಿ ಹಾಕಿಸಿದಳು. ಶೇಷಮ್ಮ ಬಂದು ಬಗ್ಗಿ ನೋಡಿ, "ಬಾಣಂತಿ ಬೆಳ್ಳಗಾಗವ್ನೆ ಬಿಡು" ಅಂದು ಹೋದಳು.

ಹೀಗೆ ಅರ್ಧ ಕತ್ತಲೆ ಅರ್ಧ ಬೆಳಕಿನಲ್ಲಿ ಕೂತಿರುವಾಗ ಫೋನು ಬಂತು. ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿನ ರಾಜಕುಮಾರ್ ಸೈಕಲ್ಲಿನಲ್ಲಿ ಬಂದು, "ಬೆಂಗಳೂರು ಲೈನು, ಮತ್ತೆ ಮಾಡ್ತಾರಂತೆ, ಬೇಗ ಬರ್ಬೇಕು" ಅಂತ ಓಣಿಯಲ್ಲೇ ಕೂಗಿದ. ಗುಲಾಬ್ ಸಾಬ್ ಬಿಸಿಲಿಗೆ ಬರುವ ಹಾಗಿಲ್ಲ. ಬುರ್ಖಾ ಹಾಕುವಷ್ಟು ವ್ಯವಧಾನವಿಲ್ಲ. ಹಮೀದಾ ಎದ್ದು ನಿಂತವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನೀವು ಹೋಗ್ರಮ್ಮಾ" ಅಂದಳು. ಬಸವಣ್ಣೆಮ್ಮ ಗುಲಾಬ್ ಸಾಬ್‌ನ ಕಡೆ ನೋಡಿದಳು. ಅವನು ತಲೆಯಾಡಿಸಿದ.

ದಾರಿಯಲ್ಲಿ ಯಾರು ಮಾತಾಡಿಸಿದರೋ ಅವಳಿಗೆ ನೆನಪಿಲ್ಲ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ರಿಸೀವರು ಕಿವಿಗೆ ಒತ್ತಿಕೊಂಡಳು.

"ಗುಲಾಬ್ ಸಾಬ್ ಮನೆಯವರಾ? ಪರೀಕ್ಷೆ ಬಂತಮ್ಮಾ. ಗಂಟು ಇಲ್ಲ. ನಾಲಿಗೆ ಕತ್ತರಿಸೋದು ಬೇಡ."

"ಇನ್ನೊಂದು ಸಲ ಹೇಳ್ರಿ ತಾಯಿ."

"ಗಂಟು ಹೋಗಿದೆ. ನಾಲಿಗೆ ಉಳೀತು."

"ಇನ್ನೂ ಒಂದು ಸಲ."

ಡಾಕ್ಟರಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಬಸವಣ್ಣೆಮ್ಮ ಫೋನು ಇಟ್ಟಳು. ಬೂತಿನ ಬಾಗಿಲು ತಳ್ಳುವುದೋ ಎಳೆಯುವುದೋ ತಿಳಿಯದೆ ರಾಜಕುಮಾರನೇ ಬಂದು ತೆಗೆಯಬೇಕಾಯಿತು.

ಅವಳು ಓಣಿಗೆ ತಿರುಗಿದಾಗ ಹಮೀದಾ ಹೊಸ್ತಿಲಲ್ಲೇ ಇದ್ದಳು. ಬಸವಣ್ಣೆಮ್ಮನಿಗೆ ದನಿ ಎತ್ತಿ ಹೇಳುವ ಅಭ್ಯಾಸವಿರಲಿಲ್ಲ. ಆದರೂ ಅಲ್ಲಿಂದಲೇ ಕೂಗಿದಳು, "ಉಳೀತು!" ಒಳಗಿನಿಂದ ಗುಲಾಬ್ ಸಾಬ್ ಕೇಳಿದ, "ಎಷ್ಟು ಸಲ ಹೇಳಿದ್ರು?"

"ಮೂರು ಸಲ ಹೇಳಿಸಿದ್ದೀನಿ ಸಾಬ್ರೆ. ಗಟ್ಟಿ ಮಾಡ್ಕೊಂಡೇ ಬಂದಿದ್ದೀನಿ."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹಮೀದಾ ಒಳಗೆ ಹೋಗಿ ಯಾವ ಕಾರಣವೂ ಇಲ್ಲದೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಬಸವಣ್ಣೆಮ್ಮ ಕಾಲು ಚಾಚಿ ಕೂತಳು. ಬಾಣಂತಿ ಎದ್ದು ಓಡಾಡಿದ ದಿನ ಅವಳಿಗೆ ಸೊಂಟ ಸಡಿಲವಾಗಿ ಹಿತವಾಗಿ ನಿದ್ದೆ ಬರುತ್ತಿತ್ತು. ಈಗ ಹಾಗೇ ಆಯಿತು. ಅಲ್ಲೇ ಸಾಬರ ಮನೆಯ ನಡುಮನೆಯಲ್ಲಿ, ಪಾತ್ರೆಯ ಸದ್ದಿನಲ್ಲಿ, ಸೆರಗು ಮುಖಕ್ಕೆಳೆದು ಒಂದು ನಿದ್ದೆ ತೆಗೆದಳು.

ಎರಡನೇ ಸಲ ಸಕ್ಕರೆ ಚೀಲದ ಪರೀಕ್ಷೆಯಲ್ಲಿ ಕೈಗೆ ಏನೂ ಆಗಲಿಲ್ಲ. ಗುಲಾಬ್ ಸಾಬ್ ಅಂಗಳಕ್ಕೆ ಬಂದು ನಿಂತ. ಹೊಗೆಸೊಪ್ಪಿನ ಡಬ್ಬಿಯನ್ನು ಚರಂಡಿಗೆ ಎಸೆದ. ಒಂದು ತಿಂಗಳು ಕಳೆದ ಮೇಲೆ ಅಂಜನಾಪುರದ ಮೀನಿನ ಸವಾಲಿಗೆ ಹೋದ. ಮೊದಲಿನಷ್ಟು ಉದ್ದಕ್ಕೆ ಎಳೆಯಲು ಬರುವುದಿಲ್ಲ, ಕೆಲವು ಅಕ್ಷರ ತೊದಲುತ್ತದೆ ಅಂತ ಜನ ಅಂದರು. ಆದರೆ ಹಿಂದಿನ ಸಾಲಿನವರ ಮಾತು ಮೊದಲಿನ ಹಾಗೇ ಕೇಳಿಸುತ್ತದೆ ಅಂತಲೂ ಅಂದರು.

ತಿಂಗಳಿಗೊಮ್ಮೆ ಯಾರಾದರೂ ನಾಲಿಗೆ ನೋಡುತ್ತಿರಬೇಕು, ಬಿಳಿ ಮಚ್ಚೆಯೋ ಗಡಸೋ ಕಂಡರೆ ಕೂಡಲೇ ಬರಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಹಮೀದಾಳಿಗೆ ಧೈರ್ಯ ಸಾಲುತ್ತಿರಲಿಲ್ಲ. ಹಾಗಾಗಿ ತಿಂಗಳಿಗೊಂದು ಶುಕ್ರವಾರ ನಮಾಜು ಮುಗಿಸಿ ಅವನು ಬಸವಣ್ಣೆಮ್ಮನ ಜಗಲಿಗೆ ಬರುವನು. ಬಿಸಿಲಿಗೆ ಮುಖ ಮಾಡಿ ಕೂತು ನಾಲಿಗೆ ಚಾಚುವನು. ಅವಳು ಒಗೆದ ಬಟ್ಟೆಯ ತುದಿಯಿಂದ ಹಿಡಿದು ಎಡಕ್ಕೆ, ಬಲಕ್ಕೆ, ಅಡಿಗೆ ತಿರುಗಿಸಿ ನೋಡುವಳು. ಬೆರಳಿನಿಂದ ಕಲೆಯ ಸುತ್ತ ಒತ್ತಿ ನೋಡುವಳು. ಅವಸರ ಮಾಡುತ್ತಿರಲಿಲ್ಲ.

"ಏನು ಕಾಣ್ತದೆ?"

"ನಾಲಿಗೆ ಕಾಣ್ತದೆ."

ಅಷ್ಟೇ ಮಾತು. ಟೋಪಿ ಸರಿಮಾಡಿಕೊಂಡು ಎದ್ದು ಹೋಗುವನು. ಸೊರಬದಲ್ಲಿ ಶುಂಠಿ ವ್ಯಾಪಾರ ಬೆಳೆದು ಅಲ್ಲಿಯೇ ಮನೆ ಮಾಡಿದ ಮೇಲೂ ಬಸ್ಸಿಗೆ ಬಂದು ತೋರಿಸಿಕೊಂಡು ಹೋಗುತ್ತಿದ್ದ. ತೊಂಬತ್ತೊಂಬತ್ತರಲ್ಲಿ ಬೆಂಗಳೂರಿನಲ್ಲಿ ಇನ್ನು ಬರುವುದು ಬೇಡ, ಐದು ವರ್ಷ ದಾಟಿತು ಅಂದರು. ಅದನ್ನು ಹೇಳುವುದಕ್ಕೆ ಅವನು ಬಂದದ್ದೇ ಕೊನೆ. ಈಗಲೂ ಸೊರಬದಲ್ಲಿ ಚೆನ್ನಾಗಿದ್ದಾನೆ, ಕೂಗುತ್ತಾನೆ ಅಂತ ಆ ಕಡೆಯಿಂದ ಬಂದವರು ಹೇಳುತ್ತಾರೆ. ಅವಳೇ ಹೋಗಿ ನೋಡಿಲ್ಲ, ಮೊಣಕಾಲು ಬಿಡುವುದಿಲ್ಲ.

ಅವನು ಕೊನೆಯ ಸಲ ಬಂದ ಆ ದಿನ ಅವಳು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಅಡಿಕೆ, ಒಂದು ಎಸಳು ಹೊಗೆಸೊಪ್ಪು. ಅವನು ಬಂದು ಎಂದಿನ ಜಾಗದಲ್ಲಿ ಕೂತ. ಅಭ್ಯಾಸಕ್ಕೆ ಅವಳು ಬಟ್ಟೆ ತೆಗೆದುಕೊಂಡಳು, ಅವನು ಬೇಡ ಅಂತ ಕೈ ಆಡಿಸಿದ. ಹುಮೇರಾಳ ಮಕ್ಕಳ ಸುದ್ದಿ ಹೇಳಿದ, ಶುಂಠಿಯ ಬೆಲೆ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣು ಅವಳ ಕೈಯಲ್ಲಿದ್ದ ಎಲೆಯ ಮೇಲೆ ನಿಂತಿತು. ಕೈ ಚಾಚಿ, ಹೊಗೆಸೊಪ್ಪಿನ ಎಸಳನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಬಿಸಿಲು ಅವಳ ಮುಖಕ್ಕೆ ಬೀಳುವ ಹಾಗೆ ತಾನು ಪಕ್ಕಕ್ಕೆ ಸರಿದು ಕೂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ:

"ಅಮ್ಮಾ, ನಿಮ್ಮ ನಾಲಿಗೆ ಯಾರು ನೋಡ್ತಾರ್ರಿ?"